ರೈಲು ನಿಂತ ಮೇಲೆ ಹುಟ್ಟಿದ ನಡಿಗೆ

ಪರದೆಯ ಮೇಲೆ ಈಗ ಕಾಣುತ್ತಿರುವುದು ಇಂಗ್ಲೆಂಡಿನ ಡರ್ಬಿಶೈರ್. ಬೇಕ್‌ವೆಲ್ ಎಂಬ ಪೇಟೆಯ ಹತ್ತಿರದ ಹಳೆಯ ಹ್ಯಾಸಪ್ ರೈಲು ನಿಲ್ದಾಣ. ಪ್ರಯಾಣಿಕರು ರೈಲಿಗೆ ಕಾಯುತ್ತಿದ್ದ ಕಟ್ಟಡದಲ್ಲಿ ಇವತ್ತು ಕಾಫಿ, ಕೇಕು, ಪುಸ್ತಕ, ಬಾಡಿಗೆ ಸೈಕಲ್ಲು. ಹಳಿ ಹಾಸಿದ್ದ ಜಾಗದಲ್ಲಿ ಕೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡ ಅಪ್ಪ, ಗಾಲಿಕುರ್ಚಿಯಲ್ಲಿ ಅಜ್ಜಿ, ಮುಂದೆ ಓಡಿಹೋಗಿ ಮತ್ತೆ ಹಿಂದಕ್ಕೆ ಓಡಿಬರುವ ಮಕ್ಕಳು. ಯಾರಿಗೂ ಏದುಸಿರಿಲ್ಲ. ಎರಡೂ ಬದಿಗೆ ಗುಡ್ಡಗಳೇ ಗುಡ್ಡಗಳು, ದಾರಿ ಮಾತ್ರ ಚಾಪೆ ಹಾಸಿದಂತೆ ಸಪಾಟು.

ಇದು ಪೀಕ್ ಡಿಸ್ಟ್ರಿಕ್ಟ್. ಮ್ಯಾಂಚೆಸ್ಟರ್, ಶೆಫೀಲ್ಡ್ ಎಂಬ ಎರಡು ಕೈಗಾರಿಕಾ ನಗರಗಳ ನಡುವೆ ಸಿಕ್ಕಿಕೊಂಡ ಗುಡ್ಡಗಾಡು. ದಕ್ಷಿಣಕ್ಕೆ ಸುಣ್ಣಕಲ್ಲಿನ ಕಣಿವೆಗಳು, ಹುಲ್ಲುಗಾವಲು, ಕಲ್ಲು ಪೇರಿಸಿದ ಗೋಡೆಗಳು. ಉತ್ತರಕ್ಕೆ ಮರಗಳೇ ಇಲ್ಲದ, ಕಪ್ಪು ಪೀಟ್ ಮಣ್ಣಿನ ಎತ್ತರದ ಬಯಲುಗಳು, ಇಂಗ್ಲಿಷರು ಮೂರ್ ಅನ್ನುತ್ತಾರಲ್ಲ, ಅವು. ಇಲ್ಲಿ ಕುಟುಂಬವೊಂದು ಭಾನುವಾರ ನಿಶ್ಚಿಂತೆಯಿಂದ ಅಡ್ಡಾಡುವ ಸ್ಥಿತಿ ತಾನಾಗಿ ಬಂದದ್ದಲ್ಲ. ಅದರ ಹಿಂದೆ ಎರಡು ಕಥೆಗಳಿವೆ. ಒಂದನ್ನು ಎಲ್ಲರೂ ಹೇಳುತ್ತಾರೆ. ಎರಡನೆಯದು ಕೊಂಚ ಸಪ್ಪೆ, ಆದರೆ ತಳ್ಳುಗಾಡಿಯ ಮಟ್ಟಿಗೆ ಅದೇ ಮುಖ್ಯ.

ಮೊದಲ ಕಥೆ ಬೇಲಿಗಳದ್ದು. 18, 19ನೇ ಶತಮಾನಗಳಲ್ಲಿ ಎನ್‌ಕ್ಲೋಷರ್ ಕಾನೂನುಗಳ ಬಲದಿಂದ ಊರೊಟ್ಟಿನ ಗೋಮಾಳಗಳು ಒಬ್ಬೊಬ್ಬರ ಹೆಸರಿಗೆ ಸೇರಿದವು. 1815ರ ಒಂದು ಕಾಯ್ದೆಯಂತೂ ಇಬ್ಬರು ಮ್ಯಾಜಿಸ್ಟ್ರೇಟರು ಒಪ್ಪಿದರೆ ಸಾಕು, ‘ಅನಗತ್ಯ’ ಎನಿಸಿದ ಕಾಲುದಾರಿಯನ್ನು ಮುಚ್ಚಿಬಿಡಬಹುದು ಎಂದಿತು. ಮ್ಯಾಜಿಸ್ಟ್ರೇಟರು ಸಾಮಾನ್ಯವಾಗಿ ಯಾರು? ಅದೇ ಜಮೀನುದಾರರು, ಇಲ್ಲವೇ ಅವರ ಊಟದ ಮೇಜಿನ ಗೆಳೆಯರು. ಇದನ್ನು ಎದುರಿಸಲು ಮ್ಯಾಂಚೆಸ್ಟರಿನಲ್ಲಿ 1826ರಷ್ಟು ಹಿಂದೆಯೇ ಹಳೆಯ ಕಾಲುದಾರಿಗಳ ರಕ್ಷಣೆಗೊಂದು ಸಂಘ ಹುಟ್ಟಿತು. 1894ರಲ್ಲಿ ಹುಟ್ಟಿದ ಪೀಕ್ ಭಾಗದ ಕಾಲುದಾರಿ ಸಂಘ ಇಂದಿಗೂ ಜೀವಂತವಾಗಿದೆ. ದಾರಿ ಕವಲೊಡೆಯುವಲ್ಲಿ ನಿಂತಿರುವ ಹಸಿರು ಕೈಮರಗಳು ಅದರದ್ದೇ. ಹೇಫೀಲ್ಡ್‌ನಿಂದ ಮೂರ್ ದಾಟಿ ಹೋಗುವ ಸ್ನೇಕ್ ಪಾತ್ ಎಂಬ ದಾರಿಯನ್ನು ಈ ಸಂಘ ಮಾತುಕತೆಯಿಂದಲೇ 1897ರಲ್ಲಿ ತೆರೆಸಿತು. ಗಲಾಟೆಯಿಲ್ಲ, ಜೈಲಿಲ್ಲ. ಹಾಗಾಗಿ ಸಿನಿಮಾ ಕಥೆಯೂ ಇಲ್ಲ.

ಸಿನಿಮಾದಂಥ ಕಥೆ ಬಂದದ್ದು 1932ರ ಏಪ್ರಿಲ್ 24ರ ಭಾನುವಾರ. ಆ ಹೊತ್ತಿಗೆ ವಾರವಿಡೀ ಗಿರಣಿಗಳಲ್ಲಿ, ವರ್ಕ್‌ಶಾಪುಗಳಲ್ಲಿ ದುಡಿದ ಹುಡುಗ ಹುಡುಗಿಯರು ರಜೆ ಸಿಕ್ಕೊಡನೆ ರೈಲು ಹತ್ತಿ ಗುಡ್ಡಕ್ಕೆ ಬರುವುದು ರೂಢಿಯಾಗಿತ್ತು. ಬಂದರೆ ಎದುರಾಗುತ್ತಿದ್ದದ್ದು ಕಾವಲುಗಾರರು. 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಬೆಟ್ಟ ಆಗ ಗ್ರೌಸ್ ಹಕ್ಕಿಗಳ ಬೇಟೆಗೆ ಮೀಸಲಾಗಿತ್ತು. ವರ್ಷದಲ್ಲಿ ಕೆಲವೇ ದಿನ ನಡೆಯುತ್ತಿದ್ದ ಬೇಟೆಗಾಗಿ ಇಡೀ ವರ್ಷ ಜನರಿಗೆ ಪ್ರವೇಶವಿರಲಿಲ್ಲ. ಅಂದು ಹೇಫೀಲ್ಡ್ ಹತ್ತಿರದ ಬೌಡನ್ ಬ್ರಿಜ್ ಕಲ್ಲುಕ್ವಾರಿಯಲ್ಲಿ ಬೆನ್ನಿ ರಾಥ್‌ಮನ್ ಎಂಬ 20ರ ಯುವಕ ಬಂಡೆಯ ಮೇಲೆ ನಿಂತು ಭಾಷಣ ಮಾಡಿದ. ಸುಮಾರು 400 ಮಂದಿ ವಿಲಿಯಂ ಕ್ಲಫ್ ಕಣಿವೆ ಹಿಡಿದು, ದಾರಿ ಬಿಟ್ಟು ಗುಡ್ಡ ಏರಿದರು. ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಇಳಿದು ಬಂದಾಗ ಊರಿನಲ್ಲಿ ಪೊಲೀಸರು ಕಾಯುತ್ತಿದ್ದರು. ಅತಿಕ್ರಮ ಪ್ರವೇಶ ಆಗ ಕ್ರಿಮಿನಲ್ ಅಪರಾಧವೇ ಆಗಿರಲಿಲ್ಲ. ಗಲಭೆಯ ಆರೋಪ ಹೊರಿಸಿ ಐವರಿಗೆ ಎರಡರಿಂದ ಆರು ತಿಂಗಳವರೆಗೆ ಜೈಲು ವಿಧಿಸಲಾಯಿತು. ರಾಥ್‌ಮನ್‌ಗೆ ಸಿಕ್ಕಿದ್ದು ನಾಲ್ಕು ತಿಂಗಳು.

ಆ ಗುಂಪು ಬೆಟ್ಟದ ನೆತ್ತಿಯನ್ನು ತಲುಪಲೇ ಇಲ್ಲ. ನಡಿಗೆದಾರರ ಅಧಿಕೃತ ಸಂಘಗಳಂತೂ, ವರ್ಷಗಳ ಮಾತುಕತೆಯನ್ನು ಈ ಹುಡುಗರು ಹಾಳು ಮಾಡಿದರೆಂದು ಸಿಡಿಮಿಡಿಗೊಂಡಿದ್ದವು. ಆದರೆ ಜೈಲಿನ ಸುದ್ದಿ ಜನರನ್ನು ಕೆರಳಿಸಿತು. ಅದೇ ಬೇಸಿಗೆಯಲ್ಲಿ ಕ್ಯಾಸಲ್ಟನ್ ಬಳಿಯ ವಿನ್ನಟ್ಸ್ ಕಣಿವೆಯಲ್ಲಿ ಸುಮಾರು 10,000 ಮಂದಿ ಸೇರಿದರು. 2002ರಲ್ಲಿ, ಘಟನೆಗೆ 70 ವರ್ಷ ತುಂಬಿದಾಗ, ಆ ಬೇಟೆಯ ಜಮೀನಿನ ಒಡೆತನವಿದ್ದ ಮನೆತನದ ಅಂದಿನ ಡ್ಯೂಕ್ ಆಫ್ ಡೆವನ್‌ಶೈರ್ ತಮ್ಮ ಅಜ್ಜನ ಕಾಲದಲ್ಲಿ ಆದದ್ದಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದರು.

ಇಷ್ಟಾದರೂ ಕಿಂಡರ್ ಸ್ಕೌಟ್ ಎಳೆಯ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗವಲ್ಲ. ಮಂಜು ಕವಿದರೆ ದೊಡ್ಡವರೇ ದಿಕ್ಕು ತಪ್ಪುತ್ತಾರೆ, ಮಳೆ ಬಂದರೆ ಪೀಟ್ ಕೆಸರು ಮೊಣಕಾಲಿಗೆ ಬರುತ್ತದೆ. ಮಕ್ಕಳ ನಡಿಗೆಗೆ ಬೇಕಾದ ದಾರಿ ಬೇರೆಲ್ಲೋ ತಯಾರಾಗುತ್ತಿತ್ತು, ಯಾರ ಘೋಷಣೆಯೂ ಇಲ್ಲದೆ.

ಎರಡನೆಯ ಕಥೆ ಶುರುವಾಗುವುದು ದಿವಾಳಿ ಎದ್ದ ಒಂದು ಪುಟಾಣಿ ರೈಲಿನಿಂದ. ಪೀಕ್‌ನ ಸ್ಟಾಫರ್ಡ್‌ಶೈರ್ ಭಾಗದಲ್ಲಿ, ಮ್ಯಾನಿಫೋಲ್ಡ್ ನದಿಯ ಕಣಿವೆಯಲ್ಲಿ 1904ರಲ್ಲಿ ಕಿರುಗೇಜಿನ ಹಳಿ ಬಿತ್ತು. ನಂಬಿಕೊಂಡದ್ದು ಹಾಲಿನ ಕ್ಯಾನುಗಳನ್ನು ಮತ್ತು ರಜೆಯ ಪ್ರವಾಸಿಗರನ್ನು. ಎರಡೂ ಸಾಲದೆ 1934ರಲ್ಲಿ ನಿಂತುಹೋಯಿತು. ಹಳಿ ಕಿತ್ತ ಜಾಗವನ್ನು ರೈಲ್ವೆ ಕಂಪನಿ ಸ್ಥಳೀಯ ಕೌಂಟಿ ಆಡಳಿತಕ್ಕೆ ಕೊಟ್ಟಿತು. 1937ರಲ್ಲಿ ಅದು ಸುಮಾರು 13 ಕಿಲೋಮೀಟರಿನ ನಡಿಗೆದಾರಿಯಾಗಿ ತೆರೆಯಿತು. ರೈಲುದಾರಿ ಕಾಲುದಾರಿಯಾದ ಬ್ರಿಟನ್ನಿನ ಮೊಟ್ಟಮೊದಲ ಉದಾಹರಣೆಗಳಲ್ಲಿ ಇದೊಂದು. ಬೇಸಿಗೆಯಲ್ಲಿ ಇಲ್ಲಿನ ನದಿ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಮಾಯವಾಗುತ್ತದೆ, ಒಣಗಿದ ಪಾತ್ರ ಮಾತ್ರ ಉಳಿಯುತ್ತದೆ. ತಲೆಯ ಮೇಲೆ ಬಂಡೆಯ ಗೋಡೆಯಲ್ಲಿ ಬಾಯ್ದೆರೆದ ಥಾರ್ ಗುಹೆ. ಮಕ್ಕಳನ್ನು ಮುಂದಕ್ಕೆ ಸಾಗಿಸಲು ಬೇರೆ ಆಮಿಷ ಬೇಕಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾನೂನೂ ಬದಲಾಯಿತು. 1949ರ ಕಾಯ್ದೆ ರಾಷ್ಟ್ರೀಯ ಉದ್ಯಾನಗಳಿಗೆ ಬುನಾದಿ ಹಾಕಿತು. 1951ರ ಏಪ್ರಿಲ್‌ನಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಇದರೊಳಗೆ ಊರು, ಹೊಲ, ಕುರಿಮಂದೆ, ಪಬ್ಬು ಎಲ್ಲವೂ ಇವೆ. ಜಮೀನು ಬಹುಪಾಲು ಇಂದಿಗೂ ಖಾಸಗಿ. ಅದೇ ಕಾಯ್ದೆಯ ಇನ್ನೊಂದು ಅಂಶ ಅಷ್ಟು ಹೆಸರು ಮಾಡಲಿಲ್ಲ. ಪ್ರತಿಯೊಂದು ಕೌಂಟಿಯೂ ತನ್ನ ಸಾರ್ವಜನಿಕ ಕಾಲುದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂದು ಅದು ಹೇಳಿತು. ನಕ್ಷೆಯಲ್ಲಿ ಗೆರೆ ಬಿದ್ದರೆ ರೈತನ ಹೊಲದ ನಟ್ಟನಡುವೆ ನಡೆದರೂ ಅದು ಹಕ್ಕು. ಕಂಬದ ಮೇಲಿನ ಹಳದಿ ಬಾಣ ಹೇಳುವುದು ಅದನ್ನೇ.

1963ರಲ್ಲಿ ರೈಲ್ವೆ ಮಂಡಳಿಯ ಅಧ್ಯಕ್ಷ ಡಾಕ್ಟರ್ ಬೀಚಿಂಗ್ ಅವರ ವರದಿ ಬಂತು; ದೇಶದುದ್ದಕ್ಕೂ ನಷ್ಟದ ರೈಲುಮಾರ್ಗಗಳಿಗೆ ಕತ್ತರಿ ಬಿತ್ತು. ಊರುಗಳು ಅತ್ತವು. ಉದ್ಯಾನದ ಅಧಿಕಾರಿಗಳು ಮಾತ್ರ ಹಳಿ ಕಿತ್ತ ಜಾಗಗಳನ್ನು ಕೊಳ್ಳತೊಡಗಿದರು. ಆಶ್‌ಬೋರ್ನ್‌ನಿಂದ ಪಾರ್ಸ್‌ಲಿ ಹೇವರೆಗಿನ 21 ಕಿಲೋಮೀಟರಿನ ಟಿಸಿಂಗ್‌ಟನ್ ಟ್ರೇಲ್ 1971ರಲ್ಲಿ ತೆರೆಯಿತು. ಅದರ ಬೆನ್ನಿಗೇ ಹೈ ಪೀಕ್ ಟ್ರೇಲ್. ಇದು 1830ರ ಸುಮಾರಿನ ರೈಲುದಾರಿ. ಕಡಿದಾದ ಏರುಗಳಲ್ಲಿ ವ್ಯಾಗನ್ನುಗಳನ್ನು ಸ್ಥಿರ ಉಗಿಯಂತ್ರಗಳು ಎಳೆಯುತ್ತಿದ್ದವು. ಮಿಡಲ್‌ಟನ್ ಟಾಪ್‌ನ ಯಂತ್ರದ ಮನೆ ಈಗಲೂ ಉಳಿದಿದೆ. ಆ ಏರುಗಳನ್ನು ಬಿಟ್ಟರೆ ದಾರಿ ಬಹುಮಟ್ಟಿಗೆ ಸಲೀಸು. ಉಗಿಬಂಡಿಗೆ ಆಗದ ಏರು ಮೂರು ವರ್ಷದ ಕಾಲುಗಳಿಗೂ ಆಗದು. 19ನೇ ಶತಮಾನದ ಎಂಜಿನಿಯರುಗಳು ಗುಡ್ಡ ಕಡಿದು, ಕಣಿವೆ ತುಂಬಿ ಮಾಡಿದ ಸಮತಟ್ಟು ಅವರ ಊಹೆಗೂ ಮೀರಿದ ಕೆಲಸಕ್ಕೆ ಬಂತು. ಟಿಸಿಂಗ್‌ಟನ್ ಟ್ರೇಲ್ ಸಪಾಟಾಗಿ ಕಂಡರೂ ಆಶ್‌ಬೋರ್ನ್‌ನಿಂದ ನಿಧಾನವಾಗಿ ಏರುತ್ತದೆ. ಪುಟ್ಟ ಸೈಕಲ್ ಸವಾರರಿದ್ದರೆ ಪಾರ್ಸ್‌ಲಿ ಹೇಯಿಂದ ಹೊರಡುವುದು ಜಾಣತನ.

ಆರಂಭದಲ್ಲಿ ಕಂಡ ಹ್ಯಾಸಪ್ ಇರುವುದು ಮಾನ್ಸಲ್ ಟ್ರೇಲ್ ಮೇಲೆ, ಸುಮಾರು 13.7 ಕಿಲೋಮೀಟರಿನ ದಾರಿ. 1863ರಲ್ಲಿ ಮಿಡ್‌ಲ್ಯಾಂಡ್ ರೈಲ್ವೆ ವೈ ನದಿಯ ಮೇಲೆ ಹೆಡ್‌ಸ್ಟೋನ್ ಸೇತುವೆ ಕಟ್ಟಿದ್ದಕ್ಕೆ ಲೇಖಕ ಜಾನ್ ರಸ್ಕಿನ್ ಕೆಂಡಾಮಂಡಲವಾಗಿದ್ದ: ಎರಡು ಪೇಟೆಗಳ ನಡುವೆ ಒಂದಿಷ್ಟು ಹೊತ್ತು ಉಳಿಸಲು ದೇವರಂಥ ಕಣಿವೆಯನ್ನು ಕೆಡಿಸಿದರಲ್ಲ ಎಂದು. ಮಾರ್ಗ 1968ರಲ್ಲಿ ಮುಚ್ಚಿತು. 1970ರಲ್ಲಿ ಅದೇ ಸೇತುವೆ ಸಂರಕ್ಷಿತ ಕಟ್ಟಡಗಳ ಪಟ್ಟಿ ಸೇರಿತು. ಟ್ರೇಲ್ ಬಂದದ್ದು 1981ರಲ್ಲಿ. ಆದರೆ ಸುರಂಗಗಳಿಗೆ ಬೀಗವಿತ್ತು. ಕಡಿದಾದ ಬಳಸುದಾರಿಯಲ್ಲಿ ತಳ್ಳುಗಾಡಿ ಹೋಗುವಂತಿರಲಿಲ್ಲ. ತಲಾ ಸುಮಾರು 400 ಮೀಟರಿನ ನಾಲ್ಕು ಸುರಂಗಗಳನ್ನು ದುರಸ್ತಿ ಮಾಡಿ, ದೀಪ ಹಾಕಿ 2011ರ ಮೇ ತಿಂಗಳಲ್ಲಿ ತೆರೆದ ಮೇಲೆಯೇ ಇದು ನಿಜವಾಗಿ ಕುಟುಂಬಗಳ ದಾರಿಯಾದದ್ದು.

ಕಾನೂನಿನ ಕಥೆಯೂ ಅಲ್ಲಿಗೇ ನಿಲ್ಲಲಿಲ್ಲ. 2000ದ ಕಾಯ್ದೆ ಗುರುತಿಸಿದ ಮೂರ್‌ಗಳಲ್ಲಿ ದಾರಿ ಬಿಟ್ಟು ಅಡ್ಡಾಡುವ ಹಕ್ಕು ಕೊಟ್ಟಿತು. ಪೀಕ್‌ನಲ್ಲಿ ಅದು ಜಾರಿಗೆ ಬಂದದ್ದು 2004ರಲ್ಲಿ. ಮಾರ್ಚ್ 1ರಿಂದ ಜುಲೈ 31ರವರೆಗೆ ಅಲ್ಲಿ ನಾಯಿಗೆ ಹಗ್ಗ ಕಡ್ಡಾಯ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗಾಗಿ. ಹೊಲಗಳ ನಡುವಿನ ಕಲ್ಲಿನ ತಡಮೆಗಳು ಮತ್ತೊಂದು ತೊಡಕು. ಕುರಿ ದಾಟಬಾರದೆಂದು ಕಟ್ಟಿದ್ದು ಗಾಲಿಕುರ್ಚಿಯನ್ನೂ ತಡೆಯುತ್ತದೆ. ಆದ್ದರಿಂದ ಉದ್ಯಾನದ ಆಡಳಿತ ತಡಮೆಯೇ ಇಲ್ಲದ ದಾರಿಗಳನ್ನು ‘ಮೈಲ್ಸ್ ವಿದೌಟ್ ಸ್ಟೈಲ್ಸ್’ ಹೆಸರಿನಲ್ಲಿ ಗುರುತಿಸಿದೆ.

ಈ ನಡುವೆ ಮಾನ್ಸಲ್ ಕಣಿವೆಗೆ ರೈಲು ಮರಳಿ ಬರಲಿ ಎಂಬ ಕೂಗೂ ಎದ್ದಿದೆ. ಮ್ಯಾಂಚೆಸ್ಟರಿಗೂ ಪೂರ್ವ ಮಿಡ್‌ಲ್ಯಾಂಡ್ಸ್‌ಗೂ ನೇರ ಸಂಪರ್ಕ ಬೇಕು, ರಸ್ತೆಯ ಮೇಲಿನ ವಾಹನಗಳ ಹೊರೆ ತಗ್ಗಬೇಕು ಎಂಬುದು ರೈಲು ಬೇಕೆನ್ನುವವರ ವಾದ. ನಡೆಯುವವರು, ಸೈಕಲ್ ತುಳಿಯುವವರು ಕೇಳುವುದು ಒಂದೇ: ಸುರಂಗಗಳು ರೈಲಿನ ಪಾಲಾದರೆ ತಳ್ಳುಗಾಡಿ ಯಾವ ದಾರಿ ಹಿಡಿಯಬೇಕು?