ಕಡಲೂರಿನಲ್ಲಿ ಗಾಲ್ಫ್: ಯಾವ ಬಯಲು ಲೇಸು?

ಹೊಸಪೇಟೆಯ ಕನ್ನಡ ಮೇಷ್ಟ್ರಿಗೂ ಗಾಲ್ಫ್ ಆಟಕ್ಕೂ ಎಲ್ಲಿಯ ನಂಟು ಎಂದು ತಾವು ನಗಬಹುದು. ಮೊದಲು ನಕ್ಕವನು ನಾನೇ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದಾಗ ನಮ್ಮ ಮನೆಯಲ್ಲಿ ಎಲ್ಲರೂ ಮರುಗಿದರು. ಆದರೆ ಅವರು ಆಡಿದ್ದೇನೆಂದು ಒಬ್ಬರಿಗೂ ತಿಳಿದಿರಲಿಲ್ಲ.

ಆಮೇಲೆ ಒಂದು ಬೇಸಗೆಯ ರಜೆಯಲ್ಲಿ ನಾನು ಅಮೆರಿಕದ ಸ್ಯಾನ್ ಡಿಯಾಗೋ ನಗರಕ್ಕೆ ಹೋಗುವ ಪ್ರಸಂಗ ಬಂತು. ಅದು ಪೆಸಿಫಿಕ್ ಸಾಗರದ ದಡದ ಊರು. ಅಲ್ಲಿ ನನ್ನ ತಂಗಿಯ ಮಗ ಇಂಜಿನಿಯರು. ಹುಟ್ಟಿದ್ದು ಕಂಪ್ಲಿಯಲ್ಲಿ, ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಕೂಳೆಯ ನಡುವೆ ಕ್ರಿಕೆಟ್ಟು ಆಡಿ ಬೆಳೆದವನು. ಅವನಿಗೀಗ ಶನಿವಾರ ಬಂದರೆ ಗಾಲ್ಫ್. “ಮಾಮಾ, ಒಮ್ಮೆ ಬಂದು ನೋಡ್ರಿ, ಆಮೇಲೆ ನಗ್ರಿ” ಎಂದು ಎಳೆದುಕೊಂಡು ಹೋದ. ನಮ್ಮ ಹೊಸಪೇಟೆ, ಸಂಡೂರುಗಳ ಎಷ್ಟೋ ಮನೆಯ ಮಕ್ಕಳು ಇಂದು ಇಂತಹ ಕಡಲೂರುಗಳಲ್ಲಿದ್ದಾರೆ. ತಂದೆತಾಯಿಗಳೂ ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಾರೆ. ಅವರಿಗೆ ಈ ಮಾತು ಉಪಯೋಗಕ್ಕೆ ಬಂದೀತು.

ಆಟ ಬಹಳ ಸರಳ. ಚಿನ್ನಿದಾಂಡಿನ ಹೊಡೆತವನ್ನೂ ಗೋಲಿಯಾಟದ ಗುಳಿಯನ್ನೂ ಕೂಡಿಸಿದರೆ ಗಾಲ್ಫ್ ಆಯಿತು. ಚಿಕ್ಕ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ ಹೋಗಿ ದೂರದ ಗುಳಿಗೆ ಬೀಳಿಸಬೇಕು. ಅಂತಹ ಗುಳಿಗಳು ಹದಿನೆಂಟು. ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆದ್ದವನು. ಚೆಂಡಾಟ ನಮಗೇನೂ ಹೊಸದಲ್ಲ. ದಂಡಿಯ ‘ದಶಕುಮಾರಚರಿತ’ದಲ್ಲಿ ದಾಮಲಿಪ್ತವೆಂಬ ಪಟ್ಟಣದ ರಾಜಕುಮಾರಿ ಕಂದುಕಾವತಿ ಊರವರೆಲ್ಲರ ಮುಂದೆ ಚೆಂಡಾಡುತ್ತಾಳೆ. ಪಂಡಿತರು ದಾಮಲಿಪ್ತವನ್ನು ಬಂಗಾಳದ ಹಳೆಯ ರೇವುಪಟ್ಟಣ ತಾಮ್ರಲಿಪ್ತಿಯೆಂದು ಗುರುತಿಸುತ್ತಾರೆ. ಅದೂ ಕಡಲೂರೇ!

ಗಾಲ್ಫ್ ಎಂದೊಡನೆ ನನ್ನ ಕಣ್ಣಿಗೆ ಕಟ್ಟಿದ್ದು ಒಂದು ಗೇಟು, ಒಬ್ಬ ಕಾವಲುಗಾರ. ಅದಕ್ಕೆ ಕಾರಣವುಂಟು. ಕಲ್ಕತ್ತೆಯಲ್ಲಿ 1829ರಲ್ಲಿ, ಬೆಂಗಳೂರಿನಲ್ಲಿ 1876ರಲ್ಲಿ ಈ ಆಟ ನೆಲೆನಿಂತದ್ದು ಕ್ಲಬ್ಬುಗಳಾಗಿ. ಸದಸ್ಯನಾಗಿರಬೇಕು, ಇಲ್ಲವೇ ಸದಸ್ಯರ ಪರಿಚಯವಿರಬೇಕು. ಆದರೆ ಸ್ಯಾನ್ ಡಿಯಾಗೋದಲ್ಲಿ ನಗರಸಭೆಯೇ ಗಾಲ್ಫ್ ಬಯಲುಗಳನ್ನು ನಡೆಸುತ್ತದೆ. ಹಣ ಕೊಟ್ಟ ಯಾರೂ ಆಡಬಹುದು. ಊರಿನ ನಿವಾಸಿಗೆ ಕಡಿಮೆ ದರ, ಹೊರಗಿನವನಿಗೆ ಬಹಳ ಹೆಚ್ಚು. ಬೈಗಿನ ಹೊತ್ತಿನಲ್ಲಿ ಇಳಿಕೆ. ಆದ್ದರಿಂದ ಹೊಸ ಊರಿಗೆ ಹೋದವನು ಬಯಲಿನ ಚೆಲುವನ್ನು ವಿಚಾರಿಸುವ ಮೊದಲು, ಅದು ಯಾರದೆಂದು ವಿಚಾರಿಸಬೇಕು.

ಅಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ಟೋರಿ ಪೈನ್ಸ್. ಕಡಲಿಗೆ ಕಡಿದಾಗಿ ಇಳಿಯುವ ಬಂಡೆದಡದ ನೆತ್ತಿಯ ಮೇಲೆ ಎರಡು ಬಯಲುಗಳು, ಉತ್ತರದ್ದೊಂದು, ದಕ್ಷಿಣದ್ದೊಂದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಸೇನೆಯ ಶಿಬಿರವಿತ್ತು. ಗಾಲ್ಫ್ ಬಯಲು ತೆರೆದದ್ದು 1957ರಲ್ಲಿ. ಹೆಸರು ಕೊಟ್ಟಿರುವ ಪೈನ್ ಮರ ಆ ಕರಾವಳಿಯ ಒಂದಿಷ್ಟು ನೆಲ ಮತ್ತು ಒಂದು ದ್ವೀಪ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲವಂತೆ. ದಕ್ಷಿಣದ ಬಯಲಿನಲ್ಲಿ 2008ರಲ್ಲಿಯೂ 2021ರಲ್ಲಿಯೂ ಅಮೆರಿಕದ ಓಪನ್ ಪಂದ್ಯಾವಳಿ ನಡೆಯಿತು. ಮೊದಲನೆಯದನ್ನು ಗೆದ್ದವರು ಟೈಗರ್ ವುಡ್ಸ್. ಹಾಗಾಗಿ ಬಂದವರಿಗೆಲ್ಲ ಅಲ್ಲಿಯೇ ಆಡುವ ಹಂಬಲ.

ಇದು ನಮ್ಮ ಹಂಪಿಯ ಕಥೆಯೇ. ಒಂದೇ ದಿನಕ್ಕೆ ಬಂದ ಯಾತ್ರಿಕನಿಗೆ ಯಾರೋ ಮತಂಗ ಪರ್ವತದ ಸೂರ್ಯೋದಯ ನೋಡಲೇಬೇಕೆಂದು ಹೇಳಿರುತ್ತಾರೆ. ಮಂಡಿನೋವಿನ ತಾಯಿಯನ್ನೂ ಹತ್ತಿಸಿ, ಅರ್ಧದಲ್ಲಿ ಕುಳ್ಳಿರಿಸಿ, ಇಬ್ಬರೂ ಬೇಸರದಿಂದ ಇಳಿಯುತ್ತಾರೆ. ಹೇಮಕೂಟದ ಇಳಿಜಾರಿನಲ್ಲಿ ಕುಳಿತಿದ್ದರೆ ಆ ತಾಯಿಗೆ ವಿರೂಪಾಕ್ಷನ ಗೋಪುರವೂ ದೊರೆಯುತ್ತಿತ್ತು, ತಂಗಾಳಿಯೂ ದೊರೆಯುತ್ತಿತ್ತು. ದಕ್ಷಿಣದ ಬಯಲು ತೀರ ಹಿಂದಿನ ಗುರುತಿನಿಂದ 7,000 ಗಜಗಳನ್ನು ಮೀರುತ್ತದೆ. ಎಂದರೆ ಹೊಸಪೇಟೆಯಿಂದ ಹಂಪಿಗೆ ಅರ್ಧ ದಾರಿ. ಚೆಂಡಿನ ಹಿಂದೆ ಅತ್ತಿತ್ತ ಅಲೆಯುವುದು ಬೇರೆ. ಅಲ್ಲಿನ ಕಿಕುಯು ಎಂಬ ಹುಲ್ಲು ನಮ್ಮ ಗರಿಕೆಯ ಒರಟು ದಾಯಾದಿ; ಕೋಲನ್ನೇ ಹಿಡಿದು ನಿಲ್ಲಿಸುತ್ತದೆ. ಬೇಸಗೆಯ ಮೊದಲಲ್ಲಿ ಬೆಳಗೆಲ್ಲ ಕಡಲ ಮೋಡ ಕವಿದಿರುತ್ತದೆ. ತಣ್ಣನೆಯ ಗಾಳಿಯಲ್ಲಿ ಚೆಂಡು ಎಂದಿನಷ್ಟು ದೂರ ಹೋಗದು. ನಮ್ಮ ಹುಡುಗ ಅಂದು ನಾಲ್ಕು ಚೆಂಡು ಕಳೆದ. ಲೆಕ್ಕ ಕೇಳಿದರೆ ಮಾತು ಬದಲಿಸಿದ.

ಆಟವನ್ನು ಆಗತಾನೇ ಕಲಿತವನಿಗೆ ಮಿಷನ್ ಬೇ ಒಳ್ಳೆಯದು. ಅಳಿವೆಯ ಬದಿಯ ತಗ್ಗು ನೆಲ, ಗಿಡ್ಡ ಅಂತರದ ಗುಳಿಗಳು. ಅರ್ಧ ದಿನವಷ್ಟೇ ಬಿಡುವಿರುವವನು ಊರ ನಡುವಿನ ಬಾಲ್ಬೋವಾ ಉದ್ಯಾನಕ್ಕೆ ಹೋಗಬಹುದು. ಅಲ್ಲಿ ಹದಿನೆಂಟು ಗುಳಿಗಳ ಬಯಲಿನ ಜತೆಗೆ ಒಂಬತ್ತು ಗುಳಿಗಳದೂ ಉಂಟು. ಏರಿಳಿತ ಮಾತ್ರ ಜಾಸ್ತಿ. ಕಾಲಿನಲ್ಲಿ ಕಸುವು ತಗ್ಗಿದವರಿಗೆ ಕೊಲ್ಲಿಯಾಚೆ, 1969ರ ಸೇತುವೆ ದಾಟಿದರೆ, ಕೊರೊನಾಡೋ ಎಂಬ ಪುಟ್ಟ ಊರಿನ ಸ್ವಂತ ಪುರಸಭೆಯ ಬಯಲಿದೆ, ಅಂಗೈಯಂತೆ ಸಮತಟ್ಟು. ನನ್ನನ್ನು ಕೇಳಿದರೆ ಇದಕ್ಕೇ ಮೊದಲ ಸ್ಥಾನ.

ಬಾಲ್ಬೋವಾ ಉದ್ಯಾನದ ಒಂದು ಸಂಗತಿ ನನ್ನ ಮನಸ್ಸನ್ನು ಬಿಟ್ಟಿಲ್ಲ. ಆ ಊರು ಇನ್ನೂ ಸಣ್ಣದಾಗಿದ್ದ 1868ರಲ್ಲೇ ಅಲ್ಲಿನವರು 1,400 ಎಕರೆಯನ್ನು ಉದ್ಯಾನಕ್ಕೆಂದು ಮೀಸಲಿಟ್ಟರು. ಇಂದು ಅಲ್ಲಿ ನೆಲದ ಬೆಲೆ ಹೇಳಿದರೆ ನಂಬುವುದು ಕಷ್ಟ. ನಮ್ಮ ಕಡೆ ನಾನು ಹುಡುಗನಾಗಿ ಆಡಿದ ಮೂರು ಬಯಲುಗಳಲ್ಲಿ ಎರಡು ಈಗ ಮಳಿಗೆಗಳ ಸಾಲು. ನನ್ನ ತರಗತಿಯ ಹುಡುಗರು ಬೀದಿಯಲ್ಲಿ ಆಡುತ್ತಾರೆ. ಲಾರಿ ಬಂದಾಗ ವಿಕೆಟ್ಟಿನ ಕಲ್ಲನ್ನು ಪಕ್ಕಕ್ಕೆ ಸರಿಸುತ್ತಾರೆ.

ಹಾಗೆಂದು ಹೊಸಪೇಟೆಗೊಂದು ಗಾಲ್ಫ್ ಬಯಲು ಬೇಕೆಂದು ನಾನು ಕೇಳುವವನಲ್ಲ. ಈ ಹುಲ್ಲು ನೀರನ್ನು ಕುಡಿಯುವ ಪರಿ ಭಾರಿ. ನಮಗೆ ನೀರಿನ ಬೆಲೆ ಗೊತ್ತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಕಾಲುವೆಯನ್ನು ನಂಬಿದ ರೈತರ ಮುಖವನ್ನು ನೋಡಿದವರು ನಾವು. ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳ ಮೇಲೆ ತಾನಾಗಿ ಹಬ್ಬುವ ಹಸುರು ನಮಗೆ ಸಾಕು.

ಅಷ್ಟು ದೂರ ಹೋಗಲಾರದವರಿಗೆ ನಮ್ಮದೇ ಕರಾವಳಿಯಲ್ಲಿ, ಮಂಗಳೂರಿನ ಹೊರವಲಯದ ಪಿಲಿಕುಳದಲ್ಲಿ, ಒಂದು ಗಾಲ್ಫ್ ಬಯಲಿದೆ. ತುಳುವಿನಲ್ಲಿ ಪಿಲಿಯೆಂದರೆ ಹುಲಿ. ಹುಲಿಗಳು ನೀರಿಗೆ ಬರುತ್ತಿದ್ದ ಕೊಳವಂತೆ. ಹೊರಗಿನವರಿಗೆ ಅಂದು ಅವಕಾಶವುಂಟೇ, ಕೋಲುಗಳು ಬಾಡಿಗೆಗೆ ದೊರೆಯುತ್ತವೆಯೇ, ಯಾವ ಉಡುಪು ತೊಡಬೇಕು, ಇಷ್ಟನ್ನು ಮೊದಲೇ ಕೇಳಿಕೊಂಡು ಹೋಗುವುದು ಕ್ಷೇಮ. ಆಷಾಢದ ಮಳೆಯಲ್ಲಂತೂ ಆ ಆಸೆಯನ್ನು ಬಿಡಬೇಕು.

ಹೊರಡುವ ಮುನ್ನಿನ ದಿನ ಕೊರೊನಾಡೋದಲ್ಲಿ ಹುಡುಗ ನನ್ನ ಕೈಗೆ ಕೋಲು ಕೊಟ್ಟ. ಗುಳಿ ಮೂರು ಮಾರು ದೂರ. ಗೋಲಿಯಾಟದ ಹಳೆಯ ಅಭ್ಯಾಸದಿಂದ ಮೊಣಕಾಲೂರಿ ಒಂದು ಕಣ್ಣು ಮುಚ್ಚಿ ಗುರಿ ನೋಡಿ, ಎದ್ದು ನಿಂತು ತಟ್ಟಿದೆ. ಚೆಂಡು ಗುಳಿಯ ಅಂಚನ್ನು ಸುತ್ತಿ ಹೊರಗೇ ನಿಂತಿತು. “ಇನ್ನೊಂದು ಸಲ ಹೊಡೀರಿ ಮಾಮಾ, ಹಿಂದೆ ಯಾರೂ ಇಲ್ಲ” ಎಂದ.