ಕೊಟ್ಟಿಗೆಗೆ ಬಂದ ನಾಯಿಮರಿ

(ಮಹಿಳಾ ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ಸದಸ್ಯೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಭಾಷಣ ಮಾಡಿ ನನಗೆ ರೂಢಿಯಿಲ್ಲ. ಮೇವಿನ ಬಗ್ಗೆ, ಕೆಚ್ಚಲು ಬಾವಿನ ಬಗ್ಗೆ ತಿಳಿದವರು ಈಗಾಗಲೇ ಹೇಳಿದ್ದಾರೆ. ನಮ್ಮ ಸಂಘದ ಕಾರ್ಯದರ್ಶಿಯವರು ಮಾತ್ರ "ನೀವು ನಿಮ್ಮ ನಾಯಿಮರಿ ಸಂಗತಿ ಹೇಳಿ" ಎಂದು ಒತ್ತಾಯ ಮಾಡಿದರು. ಹಾಲಿನ ಸಭೆಯಲ್ಲಿ ನಾಯಿ ಸಂಗತಿ ಯಾಕೆ ಎಂದು ಹಿಂದಿನ ಸಾಲಿನವರು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ನಾಯಿ ಇಲ್ಲದ ಕೊಟ್ಟಿಗೆ ನಮ್ಮ ಕಡೆ ಎಷ್ಟಿವೆ, ನೀವೇ ಲೆಕ್ಕ ಹಾಕಿ.

ನಮ್ಮದು ಊರಿನ ಹೊರಗಿನ ತೋಟದ ಮನೆ. ಎರಡು ಸೀಮೆಹಸು, ಒಂದು ಕಡಸು, ಒಂದು ಎಳೆಗರು. ಚಿರತೆ ಕಾಟ ಇದೆ. ರಾತ್ರಿ ಒಂದು ಸದ್ದು ಮಾಡುವ ಜೀವ ಬೇಕೇಬೇಕು ಎಂದು ಈ ಯುಗಾದಿ ಕಳೆದ ಮೇಲೆ ನನ್ನ ತವರಿನಿಂದ ಒಂದು ಮರಿ ತಂದೆವು. ನಾಟಿ ಮರಿ, ಮೈಯೆಲ್ಲ ಕೆಂದು, ಎದೆ ಬಿಳಿ. ಎರಡು ತಿಂಗಳು ತುಂಬುವವರೆಗೆ ತಾಯಿಯ ಹತ್ತಿರವೇ ಬಿಟ್ಟಿದ್ದೆವು. ಒಂದು ತಿಂಗಳಿಗೇ ಎತ್ತಿಕೊಂಡು ಬಂದರೆ ಮರಿ ಬಡಕಲಾಗುತ್ತದೆ. ತಾಯಿಯ ಹತ್ತಿರ, ಒಡಹುಟ್ಟಿದವುಗಳ ಜೊತೆ ಆಡುತ್ತಾ ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನೂ ಅದು ಕಲಿಯುವುದು ಆಗಲೇ.

ಬಂದ ರಾತ್ರಿ ಕುಂಯ್‌ಗುಟ್ಟಲು ಶುರು ಮಾಡಿದ್ದು ಬೆಳಗಿನ ಜಾವದವರೆಗೆ ನಿಲ್ಲಲಿಲ್ಲ. ನಮ್ಮ ಯಜಮಾನರು ಎರಡು ಸಲ ಎದ್ದು ಬೈದರು, ಮೂರನೇ ಸಲ ಎದ್ದು ಅದರ ಪಕ್ಕವೇ ಗೋಣಿಚೀಲ ಹಾಸಿಕೊಂಡು ಮಲಗಿದರು. ಹಾಲಿನ ಮನೆಗೆ ಬಂದ ಮರಿಗೆ ಹಾಲಿಗೇನು ಬರ ಎಂದು ನಾನು ಬಟ್ಟಲು ತುಂಬ ಹಸುವಿನ ಹಾಲು ಇಟ್ಟೆ. ಮಾರನೇ ದಿನ ಪಡಸಾಲೆಯೆಲ್ಲ ಭೇದಿ. ಹಸುವಿನ ಹಾಲು ಹೆಚ್ಚಾದರೆ ನಾಯಿಮರಿಗೆ ಅರಗುವುದಿಲ್ಲ. ಆಮೇಲೆ ಮೆತ್ತಗಿನ ಮುದ್ದೆ, ಸಪ್ಪೆ ಬೇಳೆಕಟ್ಟು, ಮಜ್ಜಿಗೆ ಅನ್ನ, ಎರಡು ದಿನಕ್ಕೊಂದು ಬೇಯಿಸಿದ ಮೊಟ್ಟೆ ಎಂದು ಮಾಡಿಕೊಂಡೆ, ಸರಿಹೋಯಿತು.

ಅದು ಮಾಡಿದ ಅನಾಹುತಗಳನ್ನು ಹೇಳಿದರೆ ಸಂಜೆಯಾಗುತ್ತದೆ. ಕೆಚ್ಚಲು ಒರೆಸುವ ಬಟ್ಟೆ ಹರಿಯಿತು. ಎಡಗಾಲಿನ ಚಪ್ಪಲಿಗಳನ್ನೇ ಹುಡುಕಿ ಹುಡುಕಿ ಕಡಿಯಿತು, ಅದೇನು ಲೆಕ್ಕವೋ ನನಗೆ ತಿಳಿಯಲಿಲ್ಲ. ಒಂದು ದಿನ ಹಾಲಿನ ಪಾಸ್ ಪುಸ್ತಕವನ್ನೇ ಬಣವೆ ಹಿಂದಕ್ಕೆ ಎಳೆದುಕೊಂಡು ಹೋಗಿ ಹದಿನೈದು ದಿನದ ಲೆಕ್ಕ ತಿಂದು ಹಾಕಿತ್ತು. ಕಾರ್ಯದರ್ಶಿಗಳು ರಿಜಿಸ್ಟರ್ ನೋಡಿ ಬೇರೆ ಬರೆದುಕೊಟ್ಟರು. "ಫ್ಯಾಟ್ ಎಷ್ಟಿತ್ತು ಅಂತ ನಿಮ್ಮ ಮರಿಯನ್ನೇ ಕೇಳಿ" ಎಂದು ಆ ವಾರವೆಲ್ಲ ಗೇಲಿ ಮಾಡಿದರು.

ನಗುವ ಮಾತಲ್ಲದ್ದೂ ಒಂದಿತ್ತು. ಹಾಲು ಕರೆಯುವ ಹೊತ್ತಿಗೆ ಮರಿ ಹಸುವಿನ ಕಾಲ ಸಂದಿಗೆ ನುಗ್ಗುತ್ತಿತ್ತು. ಹಸು ಬೆದರಿ ಒದೆಯಿತು, ಸೊರೆ ಬಿಡಲಿಲ್ಲ. ಆರು ಲೀಟರ್ ಕೊಡುವ ಹೊತ್ತಿನಲ್ಲಿ ನಾಲ್ಕೂ ಬರಲಿಲ್ಲ. ಹೆದರಿದ ಹಸುವಿನ ರಕ್ತದಲ್ಲಿ ಹಾಲು ಇಳಿಸುವ ರಸಕ್ಕೆ ಅಡ್ಡ ಬರುವ ಇನ್ನೊಂದು ರಸ ಏರುತ್ತದೆಯಂತೆ, ಆಮೇಲೆ ಎಷ್ಟು ಕೆಚ್ಚಲು ತಿಕ್ಕಿದರೂ ಹಾಲು ಮೇಲೆಯೇ ನಿಲ್ಲುತ್ತದೆ. ಅಂದಿನಿಂದ ಕರೆಯುವ ಹೊತ್ತಿನಲ್ಲಿ ಮರಿಯನ್ನು ಕೊಟ್ಟಿಗೆಯ ಹೊರಗೆ ಕಟ್ಟುತ್ತೇವೆ. ಕರೆದಾದ ಮೇಲೆ ಬಿಡುತ್ತೇವೆ. ಹಗಲೆಲ್ಲ ಕಟ್ಟಿಹಾಕಿದ ನಾಯಿ ಯಾರನ್ನು ಕಂಡರೂ ಎಗರುವ ನಾಯಿಯಾಗುತ್ತದೆ.

ಇದು ನಮ್ಮ ಮನೆಯ ಎರಡನೇ ಮರಿ. ಕಾರ್ಯದರ್ಶಿಗಳು ನನ್ನನ್ನು ಇಲ್ಲಿ ನಿಲ್ಲಿಸಿದ್ದು ಮೊದಲನೆಯದರ ಸಂಗತಿ ಹೇಳಲಿಕ್ಕೆ. ಅದು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

2017ರ ದಸರಾ ಹೊತ್ತಿಗೆ ಅದು ಬಂತು. ಕರಿ ಮರಿ. ನನ್ನ ಮೊಮ್ಮಗಳಿಗೆ ಆಗ ಆರು ವರ್ಷ. ಮರಿ ಅವಳನ್ನು ಬಿಟ್ಟು ಒಂದು ಗಳಿಗೆ ಇರುತ್ತಿರಲಿಲ್ಲ. ಮೂರು ತಿಂಗಳು ತುಂಬಿದ ತಕ್ಷಣ ರೇಬೀಸ್ ಸೂಜಿ ಹಾಕಿಸಿ ಎಂದು ಪಶುವೈದ್ಯರು ಹೇಳಿದ್ದರು. ದೀಪಾವಳಿ ಕಳೆಯಲಿ ಎಂದೆವು. ಆಮೇಲೆ ರಾಗಿ ಕೊಯ್ಲು ಮುಗಿಯಲಿ ಎಂದೆವು. ಹಸುವಿಗೆ ಕಾಲುಬಾಯಿ ಜ್ವರದ ಸೂಜಿ ತಪ್ಪಿಸಿದವರಲ್ಲ ನಾವು. ನಾಯಿಗೆ ತಾನೇ, ಮನೆಯಲ್ಲೇ ಇರುತ್ತದೆ, ಎಂದು ಉದಾಸೀನ.

ಕಾರ್ತಿಕದಲ್ಲಿ ಒಂದು ಸಂಜೆ ಎಲ್ಲಿಯದೋ ಬೀಡಾಡಿ ನಾಯಿ ಕಣದ ಹತ್ತಿರ ಬಂದು ಮರಿಯ ಮೇಲೆ ಬಿತ್ತು. ಓಡಿಸಿದೆವು. ಮರಿಯ ಕುತ್ತಿಗೆಯಲ್ಲಿ ಎರಡು ಹಲ್ಲಿನ ಗುರುತು. ಅರಿಶಿನ ಹಚ್ಚಿದೆ. ವಾರದಲ್ಲಿ ಗಾಯ ಮಾಯಿತು, ನಾವೂ ಮರೆತೆವು. ಆ ದಿನವೇ ಗಾಯ ತೊಳೆದು ಪಶು ಆಸ್ಪತ್ರೆಗೆ ಕೊಂಡೊಯ್ಯಬೇಕಿತ್ತು. ಮಾಯ್ದದ್ದು ಮೇಲಿನ ಗಾಯ ಅಷ್ಟೇ. ಒಳಗೆ ಆ ವಿಷಾಣು ನರದ ದಾರಿ ಹಿಡಿದು ಮೆದುಳಿನ ಕಡೆಗೆ ಹೋಗುತ್ತಿತ್ತು.

ಒಂದು ತಿಂಗಳಾಗಿರಬೇಕು. ಮರಿ ಮಂಕಾಯಿತು. ಗೊಂತಿನ ಕೆಳಗೆ ಕತ್ತಲಲ್ಲಿ ಹೋಗಿ ಮಲಗುತ್ತಿತ್ತು. ಹುಚ್ಚುನಾಯಿ ಎಂದರೆ ಕಂಡಕಂಡವರನ್ನು ಅಟ್ಟಿಸಿಕೊಂಡು ಹೋಗುವುದು ಎಂದು ತಿಳಿದಿದ್ದೆವು. ಇದು ಸುಮ್ಮನೆ ಇತ್ತು. ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ನೀರು ಇಟ್ಟರೆ ಬಾಯಿ ಹಾಕುತ್ತದೆ, ನುಂಗಲಾಗುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ನಾನೇ, ಈ ಕೈಯನ್ನೇ, ಅದರ ಬಾಯೊಳಗೆ ಹಾಕಿ ನೋಡಿದೆ. ಸಂಜೆ ಮೊಮ್ಮಗಳು ಮುದ್ದೆ ತಿನ್ನಿಸಲು ಹೋಗಿದ್ದಾಳೆ. ಅವಳ ಬೆರಳಿಗೆ ಹಲ್ಲು ತಾಗಿ ರಕ್ತ ಬಂತು. ಅದು ಬೇಕೆಂದು ಕಚ್ಚಿದ್ದಲ್ಲ.

ನಮ್ಮ ಅತ್ತೆ ಸುಣ್ಣ ತನ್ನಿ ಎಂದರು. ಪಕ್ಕದ ತೋಟದವರು ಬೇರಿನ ಔಷಧಿ ಕೊಡುವವರ ಊರು ಹೇಳಿದರು. ನನ್ನ ಮಗ ಪಶುವೈದ್ಯರಿಗೆ ಫೋನು ಮಾಡಿದ. ಅವರು ಒಂದೇ ಮಾತು ಹೇಳಿದರು: ಮೊದಲು ನಲ್ಲಿ ಬಿಟ್ಟು ಸೋಪಿನಲ್ಲಿ ಹದಿನೈದು ನಿಮಿಷ ಗಡಿಯಾರ ನೋಡಿಕೊಂಡು ತೊಳೆಯಿರಿ, ಏನನ್ನೂ ಹಚ್ಚಬೇಡಿ, ಕಟ್ಟು ಹಾಕಬೇಡಿ, ಈಗಲೇ ಆಸ್ಪತ್ರೆಗೆ ಹೊರಡಿ. ಹದಿನೈದು ನಿಮಿಷ ಎಷ್ಟು ಉದ್ದ ಎಂದು ಆವತ್ತು ಗೊತ್ತಾಯಿತು. ಮಗು ಅಳುತ್ತಿತ್ತು, "ಅಜ್ಜಿ, ಅದನ್ನು ಹೊಡೀಬೇಡಿ" ಎಂದು.

ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಸೂಜಿ ಆಯಿತು. ರಕ್ತ ಬಂದ ಗಾಯವಾದ್ದರಿಂದ ಗಾಯದ ಸುತ್ತಲೇ ಕೊಡುವ ಇನ್ನೊಂದು ಔಷಧಿಯೂ ಬೇಕೆಂದರು, ಇಮ್ಯುನೊಗ್ಲಾಬುಲಿನ್ ಎಂದು ಅದರ ಹೆಸರು. ಅದಕ್ಕೆ ರಾತ್ರಿಯೇ ಜಿಲ್ಲಾಸ್ಪತ್ರೆಗೆ ಹೋದೆವು. ಲಸಿಕೆ ಕೆಲಸ ಹಿಡಿಯಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಇದು ಕಾಯುತ್ತದೆ. ಆಮೇಲೆ ಮೂರನೇ, ಏಳನೇ, ಹದಿನಾಲ್ಕನೇ, ಇಪ್ಪತ್ತೆಂಟನೇ ದಿನದ ಸೂಜಿಗಳು. ಮರಿಯ ಜೊಲ್ಲು ಮುಟ್ಟಿದ ನನಗೂ, ನಮ್ಮ ಯಜಮಾನರಿಗೂ ಆಯಿತು. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂದು ನಮ್ಮಲ್ಲಿ ಇನ್ನೂ ಹೆದರುವವರಿದ್ದಾರೆ. ಆ ಹಳೆಯ ಲಸಿಕೆಯನ್ನು 2005ರ ಹೊತ್ತಿಗೇ ನಮ್ಮ ದೇಶದಲ್ಲಿ ಕೈಬಿಟ್ಟರು. ಈಗ ತೋಳಿಗೆ ಕೊಡುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಕ್ರಮವಿದೆ, ಅದರ ದಿನಗಳ ಲೆಕ್ಕ ಸ್ವಲ್ಪ ಬೇರೆ. ಹೇಳಿದ ದಿನ ತಪ್ಪದೆ ಹೋಗಬೇಕು ಅಷ್ಟೇ. ರೋಗದ ಲಕ್ಷಣ ಒಮ್ಮೆ ಕಾಣಿಸಿತೆಂದರೆ ಮನುಷ್ಯರನ್ನಾಗಲಿ ರಾಸನ್ನಾಗಲಿ ಉಳಿಸುವ ಔಷಧಿ ಇಲ್ಲ.

ಮರಿ ಮೂರನೇ ದಿನ ಸತ್ತಿತು. ಡಾಕ್ಟರು ಕೈಗವಸು ಹಾಕಿಕೊಂಡು ಬಂದು, ಪರೀಕ್ಷೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯಕ್ಕೆ ಕಳಿಸುವ ಏರ್ಪಾಡು ಮಾಡಿದರು. ರೇಬೀಸ್ ಎಂದೇ ಬಂತು.

ಇನ್ನು ಹಾಲಿನ ಮಾತು. ಸುದ್ದಿ ಊರಿಗೆ ನಮಗಿಂತ ಮೊದಲು ಮುಟ್ಟಿತ್ತು. ಡೇರಿ ಮುಂದೆ ಸಾಲಿನಲ್ಲಿ ನಿಂತರೆ ಹಿಂದಿದ್ದವರು, ಮುಂದಿದ್ದವರು ಒಂದು ಮಾರು ದೂರ ಸರಿದರು. "ನಿಮ್ಮ ಹಾಲು ಬಿದ್ದರೆ ಕ್ಯಾನೆಲ್ಲ ಕೆಡುತ್ತದಲ್ಲ" ಎಂದರು ಒಬ್ಬರು. ನಾನು ಅವರನ್ನು ದೂರುವುದಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನಾಲ್ಕು ಹೊತ್ತಿನ ಹಾಲು ತೆಂಗಿನ ಬುಡಕ್ಕೆ ಸುರಿದೆವು. ಐದನೇ ಹೊತ್ತಿಗೆ ಪಶುವೈದ್ಯರು ಡೇರಿಗೇ ಬಂದು ಸಾಲಿನ ಮುಂದೆ ನಿಂತು ಮಾತಾಡಿದರು. ಈ ಮನೆಯ ಹಸುಗಳಿಗೆ ಕಡಿತವಿಲ್ಲ, ನಾನೇ ಮೂತಿ, ಕಾಲು, ಕೆಚ್ಚಲು ನೋಡಿದ್ದೇನೆ, ಆರೋಗ್ಯವಾಗಿವೆ. ರೋಗ ಹರಡುವುದು ಜೊಲ್ಲಿನಿಂದ, ಕಡಿತದಿಂದ. ಕಾಯಿಸಿದ ಹಾಲಿನಲ್ಲಿ ಈ ವಿಷಾಣು ಉಳಿಯುವುದಿಲ್ಲ. ಆದರೆ ರೋಗದ ಅನುಮಾನವಿರುವ ರಾಸಿನ ಹಾಲನ್ನು ಕರೆಯಲೂ ಬೇಡಿ, ಡೇರಿಗೆ ತರಲೂ ಬೇಡಿ. ಹಾಗೆ ಹೇಳಿ, ಮರಿ ಆಟಕ್ಕೆ ಕಿವಿ ಕಡಿಯುತ್ತಿದ್ದ ನಮ್ಮ ಎಳೆಗರುವಿಗೆ ಮಾತ್ರ ಸಾಲು ಸೂಜಿ ಬರೆದರು. ಕರು ಉಳಿಯಿತು. ಈಗ ನಮ್ಮ ಮನೆಯ ದೊಡ್ಡ ಹಸು ಅದೇ.

ಒಂದು ಮಾತು ಅವರು ಅಂದು ಹೇಳಿದ್ದು ಇಲ್ಲಿ ಹೇಳಿಬಿಡುತ್ತೇನೆ. ಹಸುವಿಗೆ ಈ ರೋಗ ಬಂದರೂ ನಮಗೆ ಕಾಣುವುದು ಹಾಗೆಯೇ: ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ಒಡೆದ ದನಿಯಲ್ಲಿ ಮತ್ತೆ ಮತ್ತೆ ಅರಚುತ್ತದೆ, ಹಿಂಗಾಲು ಸೋಲುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಕೈ ಹಾಕುವವರೇ ಹೆಚ್ಚು. ಕೈ ಹಾಕಬೇಡಿ, ಡಾಕ್ಟರನ್ನು ಕರೆಯಿರಿ.

ಆಮೇಲೆ ಏಳೆಂಟು ವರ್ಷ ನಾಯಿ ಬೇಡವೆಂದೇ ಇದ್ದೆವು. ಈ ಸಲ ತಂದದ್ದು ಮೊಮ್ಮಗಳ ಹಟಕ್ಕೆ. ಈಗ ಹೈಸ್ಕೂಲಿನಲ್ಲಿದ್ದಾಳೆ. ಲೆಕ್ಕವೆಲ್ಲ ಅವಳದೇ. ಮರಿ ಬಂದ ವಾರವೇ ಜಂತುಹುಳದ ಔಷಧಿ ಕೊಡಿಸಿದಳು. ಹೊಟ್ಟೆ ತಮಟೆಯಂತೆ ಉಬ್ಬಿದ್ದರೆ ಪುಷ್ಟಿ ಎಂದು ನಾವು ತಿಳಿಯುತ್ತೇವೆ, ಅದು ಹುಳ. ಎಷ್ಟೋ ಮರಿಗಳಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ಬಂದಿರುತ್ತದೆ. ಆಮೇಲೆ ರಕ್ತಭೇದಿಯಾಗಿ ಸಾಯುವ ಪಾರ್ವೊ ರೋಗದ ಸೂಜಿ. ಮೂರು ತಿಂಗಳು ತುಂಬಿದ ದಿನ ರೇಬೀಸ್ ಸೂಜಿ. ಸೆಪ್ಟೆಂಬರ್ 28ರ ರೇಬೀಸ್ ದಿನದ ಹಿಂದುಮುಂದು ಎಷ್ಟೋ ಪಶು ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಹಾಕುತ್ತಾರೆ. ಆದರೆ ನಿಮ್ಮ ಮರಿಗೆ ಅದಕ್ಕೆ ಮೊದಲೇ ಮೂರು ತಿಂಗಳು ತುಂಬಿದರೆ ಶಿಬಿರಕ್ಕೆ ಕಾಯಬೇಡಿ.

ಇಷ್ಟೆಲ್ಲ ಮಾಡಿದರೂ ಮರಿ ಒಂದು ಹೊಸ ಪಾಠ ಕಲಿಸಿತು. ಹೋದ ತಿಂಗಳು ರಾತ್ರಿ ಹಸು ಈಯ್ದಿತು. ಬೆಳಿಗ್ಗೆ ನೋಡಿದರೆ ಮಾಸು ಬಿದ್ದಿದೆ, ಮರಿ ಅದರ ಒಂದು ತುದಿ ಹಿಡಿದು ಎಳೆಯುತ್ತಿದೆ. ನಮ್ಮ ಕಡೆ ಮಾಸನ್ನು ಚೀಲದಲ್ಲಿ ಕಟ್ಟಿ ಆಲದ ಮರಕ್ಕೆ ತೂಗುಹಾಕುವ ಪದ್ಧತಿ ಇದೆ, ಹಾಲಿನ ಮರಕ್ಕೆ ಕಟ್ಟಿದರೆ ಹಾಲು ಹೆಚ್ಚುತ್ತದೆ ಎಂದು ನಂಬಿಕೆ. ನಂಬಿಕೆಯನ್ನು ನಾನು ಹಳಿಯುವುದಿಲ್ಲ. ಆದರೆ ಚೀಲ ಕೊಳೆತು ಬಿದ್ದ ಮೇಲೆ ಅದು ಯಾರ ಪಾಲು? ಊರ ನಾಯಿಗಳ ಪಾಲು.

ನಿಯೋಸ್ಪೋರಾ ಎಂಬ ಒಂದು ಸೂಕ್ಷ್ಮಜೀವಿ ಇದೆಯಂತೆ. ಅದಕ್ಕೆ 1988ರಲ್ಲಿ ಹೆಸರಿಟ್ಟವರಲ್ಲಿ ಮುಖ್ಯರಾದವರು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಮೂಲದ ವಿಜ್ಞಾನಿ ಜೆ.ಪಿ. ದುಬೆ. ಅದನ್ನು ಹರಡುವುದರಲ್ಲಿ ನಾಯಿಯ ಪಾತ್ರ ಖಚಿತವಾದದ್ದು 1998ರಲ್ಲಿ. ಸೋಂಕಿದ ಹಸುವಿನ ಮಾಸನ್ನೋ ಕಂದನ್ನೋ ನಾಯಿ ತಿಂದರೆ, ಆಮೇಲೆ ಅದರ ಮಲದಲ್ಲಿ ರೋಗದ ಬೀಜ ಹೊರಬೀಳುತ್ತದೆ. ಆ ಮಲ ಮೇವಿಗೆ, ನೀರಿಗೆ ಸೇರಿದರೆ ಗಬ್ಬದ ಹಸು ಐದಾರು ತಿಂಗಳಿಗೆ ಕಂದು ಹಾಕುತ್ತದೆ. ಕಂದು ಹಾಕದೆ ಈಯ್ದರೂ ಹೆಣ್ಣುಗರು ಹೊಟ್ಟೆಯಲ್ಲೇ ಸೋಂಕು ಹೊತ್ತು ಬರಬಹುದು. ಇದಕ್ಕೆ ನಮ್ಮಲ್ಲಿ ಲಸಿಕೆ ಇಲ್ಲ. ಕಂದು ಹಾಕಿಸುವ ಬ್ರುಸೆಲ್ಲಾ ರೋಗವೂ ಮಾಸಿನಲ್ಲೇ ತುಂಬಿರುತ್ತದೆ, ಅದು ನಮಗೂ ಅಂಟುತ್ತದೆ. ಅದಕ್ಕಾದರೂ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಒಂದು ಸಲ ಹಾಕುವ ಸೂಜಿ ಇದೆ. ಹಾಗಾಗಿ ಈಗ ನಾವು ಬರಿಗೈಯಲ್ಲಿ ಮಾಸು ಮುಟ್ಟುವುದಿಲ್ಲ. ನಾಯಿ ಕೆದಕದಷ್ಟು ಆಳಕ್ಕೆ ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚುತ್ತೇವೆ. ಮರಿ ಗೊಂತಿಗೆ ಹತ್ತದ ಹಾಗೆ ಅಡ್ಡಕ್ಕೆ ಬಿದಿರು ಕಟ್ಟಿದ್ದೇವೆ. ಒಮ್ಮೊಮ್ಮೆ ಅದನ್ನೂ ನುಸಿದು ಒಳಗೆ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಒಣಹುಲ್ಲಿನ ಮೆತ್ತೆ ಯಾರಿಗೆ ಬೇಡ?

ಹಸುವಿನ ಇನ್ಸೆಮಿನೇಷನ್ ಕಾರ್ಡು ನೇತುಹಾಕುವ ಮೊಳೆಗೇ ಈಗ ಮರಿಯ ಕಾರ್ಡೂ ನೇತಾಡುತ್ತಿದೆ. ರೇಬೀಸ್‌ನ ಎರಡನೇ ಸೂಜಿ ಬರುವ ಮಂಗಳವಾರ. ಹಿಡಿದುಕೊಳ್ಳುವವಳು ಮೊಮ್ಮಗಳೇ. ಅವಳ ಬೆರಳಿನಲ್ಲಿ ಆ ಗುರುತು ಇನ್ನೂ ಇದೆ, ಸಣ್ಣಗೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ.

ಸಂಜೆ ಹಾಲಿಗೆ ಹೊತ್ತಾಗುತ್ತದೆ, ನಮ್ಮ ಬಸ್ಸು ನಾಲ್ಕಕ್ಕೆ.