ನೆರೆಮನೆಯ ಮಾತಿಗೂ ಜಾಮೀನು ಬೇಕು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘ 25 ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ನನಗೂ ಎರಡು ಮಾತನಾಡಲು ಅವಕಾಶ ಕೊಟ್ಟಿದ್ದೀರಿ. ಶೇರು, ಠೇವು, ಸಾಲ, ಲಾಭಾಂಶ ಇವುಗಳ ಲೆಕ್ಕವನ್ನು ಕಾರ್ಯದರ್ಶಿಯವರು ಈಗಾಗಲೇ ಓದಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಎತ್ತಿನ ಹಿಂದೆ ಹೋದ ರೈತ. ನಾನು ಹೇಳಬೇಕೆಂದಿರುವುದು ಸಂಘದ ಯಾವ ಲೆಡ್ಜರಿನಲ್ಲೂ ಬರೆಯದ ಒಂದು ವ್ಯವಹಾರದ ಬಗ್ಗೆ. ಅದು ನೆರೆಹೊರೆಯವರು ಒಬ್ಬರಿಗೊಬ್ಬರು ಹೇಳುವ ಮಾತು.

"ಮನಿ ಕಟ್ಟಸಬೇಕಾಗೇತಿ, ಚಲೋ ಗೌಂಡಿ ಯಾರದಾನೋ?" "ಮಗಳು ಬಾಗಲಕೋಟ್ಯಾಗ ಕಾಲೇಜಿಗೆ ಹೊಂಟಾಳ, ಗುರುತಿನವರದು ಬಾಡಿಗಿ ಮನಿ ಐತೇನ್ರಿ?" "ತ್ವಾಟದ ಮನಿಗೆ ಒಂದು ನಾಯಿಮರಿ ಬೇಕಿತ್ತು." "ಜಾತ್ರ್ಯಾಗ ನೀರು ಕೊಡಾಕ ಯಾವ ಹುಡುಗರನ್ನ ಹಚ್ಚೂಣು?" ಇಂಥ ಪ್ರಶ್ನೆಗಳು ನಮ್ಮ ಸಂಘದ ಕಟ್ಟೆಯ ಮೇಲೆ ದಿನಾ ಬರುತ್ತವೆ. ಸಾಲ ಕೇಳಲು ಬಂದವರಿಗಿಂತ ಇವನ್ನು ಕೇಳಲು ಬಂದವರೇ ಹೆಚ್ಚು ಅಂದರೂ ತಪ್ಪಾಗಲಿಕ್ಕಿಲ್ಲ. ಉತ್ತರ ಹೇಳುವವರಿಗೂ ನಮ್ಮಲ್ಲಿ ಬರ ಇಲ್ಲ. ಆದರೆ ಹೇಳಿದವನು ಆ ಮಾತಿನ ಹಿಂದೆ ನಿಲ್ಲುತ್ತಾನೋ ಇಲ್ಲವೋ, ಅದು ನನ್ನ ವಿಷಯ.

ಸಹಕಾರ ಚಳವಳಿ ಹುಟ್ಟಿದ್ದೇ ಇಂಥ ಮಾತಿನ ಮೇಲೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, ಅಂದರೆ 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅದು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಆ ಕಾಲದ ಹಳ್ಳಿ ಸಂಘಗಳಲ್ಲಿ ಹೊಣೆಗಾರಿಕೆಗೆ ಮಿತಿ ಇರಲಿಲ್ಲ. ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲ-ಮನೆಯ ಮೇಲೂ ಅದು ಬರುತ್ತಿತ್ತು. ಹೀಗಾಗಿ "ಇವ ಚಲೋ ಮನಷ್ಯಾ, ಸಾಲ ಕೊಡ್ರಿ" ಎಂದು ಹೇಳುವ ಮೊದಲು ನೆರೆಯವನು ಹತ್ತು ಸಲ ವಿಚಾರ ಮಾಡುತ್ತಿದ್ದ. ಮಾತು ಸುಳ್ಳಾದರೆ ಅದರ ಬೆಲೆ ಅವನ ಮನೆಯ ಬಾಗಿಲಿಗೇ ಬರುತ್ತಿತ್ತು. ಇಂದು ಆ ಪದ್ಧತಿ ಇಲ್ಲ, ಇಬ್ಬರ ಜಾಮೀನು ಉಳಿದಿದೆ. ಸಾಲಕ್ಕೆ ಉಳಿದಿದೆ ಅಷ್ಟೆ. ಮನೆ, ನಾಯಿ, ಊರ ಕೆಲಸ ಇವುಗಳ ವಿಷಯದಲ್ಲಿ ಯಾರು ಏನು ಹೇಳಿದರೂ ಕೇಳುವವರಿಲ್ಲ.

ಮೊದಲು ಮನೆಯ ವಿಷಯ ತೆಗೆದುಕೊಳ್ಳುತ್ತೇನೆ. ನಮಗೆ ಇದು ಬರೀ ಹರಟೆಯ ವಿಷಯ ಅಲ್ಲ. ಆಲಮಟ್ಟಿ ಜಲಾಶಯದ ಈಗಿನ ಮಟ್ಟ 519.60 ಮೀಟರ್. ಮೂರನೆಯ ಹಂತದಲ್ಲಿ ಅದನ್ನು 524.256 ಮೀಟರಿಗೆ ಏರಿಸಬೇಕೆಂಬುದು ಯೋಜನೆ. ಮುಳುಗುವ ಭೂಮಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ ಎಂದು 2025ರ ಸೆಪ್ಟೆಂಬರದಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನ ಮಾಡಿತು. ಬೀಳಗಿ ತಾಲೂಕಿನ ನಾವು ಹಿಂದಿನ ಹಂತಗಳಲ್ಲಿ ಮುಳುಗಡೆ ಎಂದರೇನು ಎಂದು ಕಂಡವರು. ಊರು ಎದ್ದು ಪುನರ್ವಸತಿ ಕೇಂದ್ರಕ್ಕೆ ಹೋದಾಗ ಮನೆಗೆ ಪರಿಹಾರ ಬಂತು, ಗಿಡಕ್ಕೆ ಬಂತು, ಬಾವಿಗೆ ಬಂತು. ಮಗ್ಗಲ ಮನೆಯವರಿಗೆ ಪರಿಹಾರ ಬರಲಿಲ್ಲ. ಮೂರು ತಲೆಮಾರು ಒಂದೇ ಗೋಡೆ ಹಂಚಿಕೊಂಡವರಲ್ಲಿ ಒಬ್ಬರಿಗೆ ಒಂದು ತುದಿಗೆ ಪ್ಲಾಟು, ಇನ್ನೊಬ್ಬರಿಗೆ ಇನ್ನೊಂದು ತುದಿಗೆ. ಮತ್ತೆ ಕೆಲವರು ಹಣ ತೆಗೆದುಕೊಂಡು ಬೇರೆ ಊರಿಗೇ ಹೋದರು. ಅಲ್ಲಿ ಅವರಿಗೆ ದಾರಿ ತೋರಿಸಿದವರು ದಲಾಲರು. ಗುರುತಿನ ನೆರೆಯವರು ಅಲ್ಲಿ ಯಾರೂ ಇರಲಿಲ್ಲ.

ಇನ್ನು ಮುಂದೆ ಕೈಗೆ ಹಣ ಬಂದಾಗ ಬಾಗಿಲಿಗೆ ಮೊದಲು ಬರುವವನೂ ಅವನೇ. "ಸಾಹುಕಾರ್ರ, ಎನ್.ಎ. ಪ್ಲಾಟ್ ಐತಿ, ನಾಳೆ ರೇಟ್ ಏರತೈತಿ" ಅನ್ನುತ್ತಾನೆ. ಅವನು ಹೇಳುವುದೆಲ್ಲ ಸುಳ್ಳು ಎಂದು ನಾನು ಹೇಳುವುದಿಲ್ಲ. ಅವನಿಗೆ ಕಮಿಷನ್ ಸಿಗುವುದು ಖರೀದಿಯಾದ ದಿನ. ಮಳೆಗಾಲದಲ್ಲಿ ನಿಮ್ಮ ಮನೆಯೊಳಗೆ ನೀರು ಬಂದ ದಿನ ಅವನು ಬೇರೆ ಊರಲ್ಲಿರುತ್ತಾನೆ.

ಆದ್ದರಿಂದ ಜಾಗ ನೋಡಲು ಹೋದವರು ಕಾಗದ ನೋಡುವುದರ ಜೊತೆಗೆ ಎಡ-ಬಲದ ಮನೆಯವರನ್ನು, ಎದುರು ಮನೆಯವರನ್ನು ಮಾತನಾಡಿಸಬೇಕು. ಅದೂ ಹೆಣ್ಣುಮಕ್ಕಳನ್ನು ಕೇಳಬೇಕು. ಗಂಡಸರಿಗೆ ರೇಟು ಗೊತ್ತಿರುತ್ತದೆ, ನೀರು ಯಾವ ಹೊತ್ತಿಗೆ ಬರುತ್ತದೆ ಎಂಬುದು ಹೆಣ್ಣುಮಕ್ಕಳಿಗೇ ಗೊತ್ತು. ಎರಿಮಣ್ಣಿನಲ್ಲಿ ಕಟ್ಟಿದ ಮನೆ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯವನ್ನು ಗರಸು ಹತ್ತುವವರೆಗೆ ತೆಗೆದಿದ್ದಾರೋ ಇಲ್ಲವೋ ಎಂಬುದನ್ನು ಮಗ್ಗಲ ಮನೆಯವನು ಕಣ್ಣಾರೆ ನೋಡಿರುತ್ತಾನೆ. ಹಿನ್ನೀರಿನ ಹತ್ತಿರ ಜವಳು ಹಿಡಿದ ಜಾಗದಲ್ಲಿ ಗೋಡೆಗೆ ಹಸಿ ಏರುತ್ತದೆ, ಸುಣ್ಣ ಬಳಿದರೂ ನಿಲ್ಲುವುದಿಲ್ಲ. 2009ರ ಮಳೆಯಲ್ಲಿ, 2019ರ ಆಗಸ್ಟಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಓಣಿಯ ಮುದುಕರು ಕೋಲು ಹಿಡಿದು ತೋರಿಸುತ್ತಾರೆ. ಇದು ಯಾವ ಉತಾರದಲ್ಲೂ ಬರೆದಿರುವುದಿಲ್ಲ.

ಹಾಗಂತ ಕಾಗದವನ್ನು ಬಿಡಬಾರದು. ಉತಾರದಲ್ಲಿ ಬೋಜಾ ಇದೆಯೋ ನೋಡಬೇಕು, ಸಬ್ ರಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ ತೆಗೆಸಬೇಕು, ಹಳ್ಳಿಯ ಜಾಗವಾದರೆ ಇ-ಸ್ವತ್ತು ಕೇಳಬೇಕು, ಪುನರ್ವಸತಿಯ ಪ್ಲಾಟಾದರೆ ಹಕ್ಕುಪತ್ರ ಯಾರ ಹೆಸರಿನಲ್ಲಿದೆ ಎಂದು ನೋಡಬೇಕು. ಎಷ್ಟೇ ಒಳ್ಳೆಯ ನೆರೆಯವನಾದರೂ ಅವನ ಮಾತು ಕಾಗದದ ಜಾಗಕ್ಕೆ ನಿಲ್ಲುವುದಿಲ್ಲ.

ಬಾಡಿಗೆ ಮನೆಯ ವಿಷಯದಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ನನ್ನ ಮನಸ್ಸಿಗೆ ಸಮಾಧಾನ ಆಗುವುದಿಲ್ಲ. ಹೊರಗಿನಿಂದ ಸರಕಾರಿ ಕೆಲಸಕ್ಕೆ ಬಂದ ಒಬ್ಬ ಹೆಣ್ಣುಮಗಳು ಈ ಭಾಗದ ಒಂದು ಊರಲ್ಲಿ ಮನೆ ಹುಡುಕಿದಳು. ಮನೆ ಖಾಲಿ ಇದ್ದವು. ಹೋದಲ್ಲೆಲ್ಲ "ಯಾವ ಮಂದಿ ನೀವು?" ಎಂದು ಮೊದಲು ಕೇಳಿದರು, ಆಮೇಲೆ "ಮನಿ ಮಾತಾಗೇತ್ರಿ" ಅಂದರು. ಕೊನೆಗೆ ಆಕೆ ದಿನಾ ಬಸ್ಸಿನಲ್ಲಿ ಓಡಾಡಿದಳು. ತನ್ನ ಕೆಲಸದಿಂದ ಆ ಊರಿನ ಎಲ್ಲ ಓಣಿಯ ಕೂಸುಗಳಿಗೂ ಅನುಕೂಲ ಮಾಡಿದವಳು ಆಕೆ. ನೆರೆಯವರ ಶಿಫಾರಸು ನಮ್ಮ ನಮ್ಮವರಲ್ಲೇ ಸುತ್ತಿದರೆ ಅದು ಬೇರೆಯವರಿಗೆ ಹಾಕಿದ ಬೇಲಿಯಾಗುತ್ತದೆ. ಸಂಘದ ಶೇರು ಪುಸ್ತಕದಲ್ಲಿ ಎಲ್ಲ ಜನಾಂಗದವರ ಹೆಸರೂ ಒಂದರ ಕೆಳಗೊಂದು ಇವೆ. ಮನೆ ಕೊಡುವಾಗ ಮಾತ್ರ ಬೇರೆ ಪುಸ್ತಕ ತೆಗೆಯುವುದು ಸರಿಯಲ್ಲ. ಇದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೂ ಹೇಳುತ್ತೇನೆ.

ಇನ್ನು ನಾಯಿ. ಬೆಳ್ಳಿಹಬ್ಬದ ಭಾಷಣದಲ್ಲಿ ನಾಯಿ ಯಾಕೆ ಎಂದು ಕೆಲವರು ನಗುತ್ತಿದ್ದೀರಿ. ನಗ್ರಿ, ಅಡ್ಡಿ ಇಲ್ಲ. ಆದರೆ ಹೊರಗಿನ ಊರಿನವರು ನಮಗೆ ಫೋನು ಮಾಡಿ ಮೊದಲು ಕೇಳುವುದು ಅದನ್ನೇ: "ನೀವು ಮುಧೋಳದ ಕಡೆಯವರಲ್ವಾ, ಒಂದು ಒಳ್ಳೆ ಮರಿ ಕೊಡಿಸಿ." ಮುಧೋಳದ ರಾಜ ಮಾಲೋಜಿರಾವ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಈ ನಾಯಿಗಳ ಜೋಡಿಯನ್ನು ಕಾಣಿಕೆ ಕೊಟ್ಟರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಸ್ಟಾಂಪು ಹೊರಡಿಸಿತು. 2016ರಲ್ಲಿ ಸೈನ್ಯದವರು ತರಬೇತಿಗೆಂದು ಮರಿ ಒಯ್ದರು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಹೆಸರು ಹೀಗೆ ಏರಿದ ಮೇಲೆ ಉದ್ದ ಮೂತಿಯ ನಾಯಿಯನ್ನೆಲ್ಲ ಮುಧೋಳ ನಾಯಿ ಎಂದು ಮಾರುವವರೂ ಹುಟ್ಟಿಕೊಂಡರು.

ಮರಿ ಕೊಡಿಸುವವರಿಗೆ ನನ್ನ ವಿನಂತಿ ಏನೆಂದರೆ, ಮರಿಯ ತಾಯಿಯನ್ನು ತೋರಿಸದವರ ಹತ್ತಿರ ಹೋಗಬೇಡಿರಿ. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿರಿ. ಲಸಿಕೆಯ ಕಾರ್ಡು ಕೇಳಿರಿ. ಇಷ್ಟು ಮಾಡಿದರೂ ಅರ್ಧ ಕೆಲಸ ಆಯಿತು ಅಷ್ಟೆ. ಕೇಳುವವನ ಮನೆ ಎಂಥದ್ದು ಎಂದು ನೀವೂ ಕೇಳಬೇಕು. ಇದು ಓಡುವ ನಾಯಿ. ನಮ್ಮ ಹೊಲದಲ್ಲಿ ರೊಟ್ಟಿ-ಹಾಲು ತಿಂದು ದಿನಾ ಓಡಾಡಿ ಬರುವ ಪ್ರಾಣಿಯನ್ನು ಪಟ್ಟಣದ ಮೂರನೆಯ ಅಂತಸ್ತಿನ ಖೋಲಿಯಲ್ಲಿ ಕಟ್ಟಿಹಾಕಿದರೆ ಅದಕ್ಕೆ ಹುಚ್ಚು ಹಿಡಿದಂತಾಗುತ್ತದೆ. ಅಪರಿಚಿತರು ಮುಟ್ಟುವುದೂ ಅದಕ್ಕೆ ಸೇರುವುದಿಲ್ಲ. ಬೇಕು ಅಂದವನಿಗೆ "ನಿಮ್ಮ ಮನಿಗೆ ಈ ನಾಯಿ ಬ್ಯಾಡ್ರಿ, ಒಗ್ಗೂದಿಲ್ಲ" ಎಂದು ಹೇಳುವವನೇ ನಿಜವಾದ ಗುರುತಿನವನು. ಒಂದು ವ್ಯಾಪಾರ ಹೋಗಬಹುದು, ಹೋಗಲಿ.

ನಮ್ಮವರಿಗೂ ಒಂದು ಮಾತು. ಬೀಳಗಿ-ಮುಧೋಳ ತಾಲೂಕುಗಳ ನಡುವೆ ಯಡಹಳ್ಳಿಯ ಚಿಂಕಾರಾ ಧಾಮ ಇದೆ. ನಾಯಿ ಬಿಟ್ಟು ಮೊಲ, ಚಿಂಕಾರ ಹಿಡಿಸುವುದು ಶೂರತನ ಅಲ್ಲ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮಗ್ಗಲ ಮನೆಯ ಹುಡುಗ ನಾಯಿ ಹಿಡಿದು ರಾತ್ರಿ ಆ ಕಡೆ ಹೊರಟರೆ ನೋಡಿಯೂ ನೋಡದಂತೆ ಇರಬೇಡಿರಿ.

ಓಣಿ ನಾಯಿಗಳ ವಿಷಯದಲ್ಲಿ ನೆರೆಯವರ ಸಲಹೆ ಒಮ್ಮೊಮ್ಮೆ ಜೀವಕ್ಕೇ ಕುತ್ತು ತರುತ್ತದೆ. ನಾಯಿ ಕಡಿದಾಗ ಒಬ್ಬರು ಖಾರಪುಡಿ ಹಚ್ಚು ಅನ್ನುತ್ತಾರೆ, ಇನ್ನೊಬ್ಬರು ಸುಣ್ಣ ಅನ್ನುತ್ತಾರೆ, ಮತ್ತೊಬ್ಬರು ಮಂತ್ರ ಹಾಕುವವರ ಊರು ಹೇಳುತ್ತಾರೆ. ಇವೆಲ್ಲ ಪ್ರೀತಿಯಿಂದಲೇ ಹೇಳುವ ಮಾತು. ಆದರೆ ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಉಳಿಯುವುದಿಲ್ಲ ಎಂದೇ ತಿಳಿಯಬೇಕು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆಯಬೇಕು. ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ ಚುಚ್ಚುಮದ್ದು ಶುರು ಮಾಡಬೇಕು, ಡಾಕ್ಟರು ಬರೆದುಕೊಟ್ಟ ದಿನಗಳಂದು ಪೂರ್ತಿ ಮುಗಿಸಬೇಕು. ಎರಡು ಸೂಜಿ ಹಾಕಿಸಿಕೊಂಡು "ಆರಾಮ ಅದೀನಿ" ಎಂದು ಬಿಡುವವರು ನಮ್ಮಲ್ಲಿ ಬಹಳ. ರಕ್ತ ಬರುವಂತೆ ಕಡಿದಿದ್ದರೆ ಗಾಯಕ್ಕೇ ಹಾಕುವ ಬೇರೆ ಔಷಧ ಇದೆ, ಅದನ್ನು ಕೇಳಿ ಹಾಕಿಸಬೇಕು. ಮಗ್ಗಲ ಮನೆಯವರು ಹೇಳಬೇಕಾದ ಮಾತು ಇಷ್ಟೇ: "ಏಳು, ಗಾಡಿ ತೆಗಿತೀನಿ, ದವಾಖಾನಿಗೆ ಹೋಗೂಣು."

ಕೊನೆಗೆ ಊರ ಕೆಲಸ. ಮೊದಲು ನಮ್ಮಲ್ಲಿ ಮುಯ್ಯಿ ಇತ್ತು. ಇಂದು ನಿನ್ನ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಅದಕ್ಕೆ ಯಾರೂ ಸ್ವಯಂಸೇವೆ ಎಂದು ದೊಡ್ಡ ಹೆಸರು ಇಟ್ಟಿರಲಿಲ್ಲ. ದೊಡ್ಡ ಕೆಲಸದ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಕೃಷ್ಣಾ ನದಿಗೆ ರೈತರೇ ಬ್ಯಾರೇಜು ಕಟ್ಟಿದರು. ಸಿದ್ದು ನ್ಯಾಮಗೌಡರು ಮುಂದೆ ನಿಂತರು, ರೈತರು ಹಣ ಕೊಟ್ಟರು, ಮೈಮುರಿದು ದುಡಿದರು, ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ನ್ಯಾಮಗೌಡರು 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಹೋದರು. 2018ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇಂದಿಗೂ ಜನ ಅವರನ್ನು ಬ್ಯಾರೇಜ್ ಸಿದ್ದು ಎಂದೇ ನೆನೆಯುತ್ತಾರೆ. ಇಂಥ ಕೆಲಸಕ್ಕೆ ರೊಕ್ಕ ಕೊಡುವ ರೈತ ಎಂಜಿನಿಯರ ನಕ್ಷೆ ನೋಡಿ ಕೊಡುವುದಿಲ್ಲ. "ರೊಕ್ಕ ಕೂಡಸಾವ್ರು ಯಾರು?" ಎಂದು ಕೇಳುತ್ತಾನೆ. ಗುರುತಿನವರ ಹೆಸರು ಬಂದರೆ ಗಂಟು ಬಿಚ್ಚುತ್ತಾನೆ.

ನಮ್ಮ ತಪ್ಪು ಏನೆಂದರೆ, ಊರ ಕೆಲಸಕ್ಕೆ ಹೆಸರು ಸೂಚಿಸುವಾಗ ಮುಂದೆ ಕುರ್ಚಿಯಲ್ಲಿ ಕುಳಿತವರ ಹೆಸರನ್ನೇ ಸೂಚಿಸುತ್ತೇವೆ. ಪ್ರವಾಹ ಬಂದಾಗ ಬೇಕಾದವನು ಈಜು ಬಲ್ಲವನು, ನದಿಯ ಸೆಳವು ಎಲ್ಲಿದೆ ಎಂದು ಗೊತ್ತಿರುವ ಅಂಬಿಗ. ರಾತ್ರಿ ಹೆರಿಗೆಗೆ ಬೇಕಾದವನು ಫೋನು ಮಾಡಿದರೆ ಗಾಡಿ ತೆಗೆಯುವವನು. ಅವರ ಹೆಸರು ಯಾವ ಸಮಿತಿಯಲ್ಲೂ ಇರುವುದಿಲ್ಲ.

ಈಗ ನನ್ನ ಸೂಚನೆ. ಸಂಘದ ಕಚೇರಿಯಲ್ಲಿ ಕಾರಕೂನರ ಮೇಜಿನ ಮೇಲೆ ಒಂದು ದಪ್ಪ ರಜಿಸ್ಟರು ಇಡಬೇಕು. ಗೌಂಡಿ, ಬಡಿಗ, ಪಂಪಸೆಟ್ಟು ರಿಪೇರಿಯವರು, ಖಾಲಿ ಇರುವ ಮನೆ, ಮಾರಾಟದ ಪ್ಲಾಟು, ನಾಯಿಮರಿ, ರಕ್ತ ಕೊಡುವವರು, ಈಜು ಬಲ್ಲವರು, ಎಲ್ಲವೂ ಅದರಲ್ಲಿ ಬರಲಿ. ಬರೆಸುವವರು ತಮ್ಮ ಹೆಸರು ಬರೆಸಿ ಸಹಿ ಅಥವಾ ಹೆಬ್ಬೆಟ್ಟು ಒತ್ತಬೇಕು. ಒಳ್ಳೆಯದರ ಜೊತೆಗೆ ಕೊರತೆಯನ್ನೂ ಬರೆಸಬೇಕು. "ಗೌಂಡಿ ಕೆಲಸ ಚಲೋ, ಆದರ ಹೇಳಿದ ದಿನಾ ಬರೂದಿಲ್ಲ" ಎಂದರೆ ಹಾಗೆಯೇ ಬರೆಯಲಿ. ಆ ಮಾತು ನಂಬಿ ಹೋದವರು ಮರಳಿ ಬಂದು ಏನಾಯಿತೆಂದು ಅದರ ಕೆಳಗೆ ಬರೆಸಬೇಕು. ಯಾವ ಮಂದಿ ಎಂಬ ಕಾಲಮ್ಮು ಅದರಲ್ಲಿ ಇರಬಾರದು. ಯಾರ ಮನೆತನದ ಮಾತೂ ಬರಬಾರದು.

ಮಂಡಳಿಯ ಸಭೆಯಲ್ಲಿ ಇದನ್ನು ಇಟ್ಟಾಗ ಇಬ್ಬರು ನಿರ್ದೇಶಕರು ವಿರೋಧ ಮಾಡಿದರು. ಜಗಳ ಬರುತ್ತವೆ ಅಂದರು ಒಬ್ಬರು. ಬರಬಹುದು, ಸಾಲದ ಲೆಡ್ಜರಿನಿಂದಲೂ ಬಂದಿವೆ, ಅದಕ್ಕೆಂದು ಲೆಡ್ಜರು ಮುಚ್ಚಲಿಲ್ಲ. ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ ಅಂದರು ಇನ್ನೊಬ್ಬರು. ಸಿಗುತ್ತದೆ ನಿಜ, ಆದರೆ ಅಲ್ಲಿ ಹತ್ತು ಕೈ ದಾಟಿ ಬಂದ ಮಾತಿಗೆ ಸಹಿ ಇರುವುದಿಲ್ಲ, ಮೊದಲು ಹೇಳಿದವನು ಯಾರೆಂದು ಹುಡುಕಿದರೂ ಸಿಗುವುದಿಲ್ಲ. ಕೊನೆಗೆ ಒಂದು ವರ್ಷ ನಡೆಸಿ ನೋಡೋಣ, ಮುಂದಿನ ಸರ್ವಸಾಧಾರಣ ಸಭೆಯಲ್ಲಿ ಸದಸ್ಯರೇ ತೀರ್ಮಾನ ಮಾಡಲಿ ಎಂದು ಎಲ್ಲರೂ ಒಪ್ಪಿದ್ದಾರೆ.

ರಜಿಸ್ಟರು ತಂದಾಗಿದೆ, ಪುಟಗಳಿಗೆ ನಂಬರೂ ಹಾಕಿದೆ. ಪ್ರಸಾದ ಮುಗಿಸಿ ಮನೆಗೆ ಹೋಗುವ ಮೊದಲು, ಗರಸು ಹತ್ತುವವರೆಗೆ ಅಡಿಪಾಯ ತೆಗೆಯುವ ಗೌಂಡಿಗಳು ಯಾರಿಗೆ ಗೊತ್ತಿದ್ದಾರೋ ಅವರು ಕಚೇರಿಗೆ ಬಂದು ಒಂದನೆಯ ಪುಟದಲ್ಲಿ ಬರೆಸಬೇಕೆಂದು ವಿನಂತಿ.